ಸಿಡಿಯದ ಪವರ್ ಸಪ್ಲೈ

"ಜಗತ್ತಿನಲ್ಲೇ ಅತ್ಯಂತ ನಂಬಿಕಸ್ಥ ಪವರ್ ಸಪ್ಲೈ ತರ್ತೀನಿ! ಇನ್ಮುಂದೆ ಈ ಮನೇಲಿ ಕಂಪ್ಯೂಟರ್ ಆರೋ ಮಾತೇ ಇಲ್ಲ!" ಎಂದು ಸೊಸೆ ಬೆಳಗ್ಗೆಯೇ ಘೋಷಿಸಿಬಿಟ್ಟಳು.

ಮನೆಯಲ್ಲೇ ಕೂತು ಪುಸ್ತಕಗಳಿಗೆ ಮುಖಪುಟ ಮಾಡಿಕೊಡುವುದು ಅವಳ ಕೆಲಸ. ನಾಲ್ಕು ದಿನದಿಂದ ಕಂಪ್ಯೂಟರ್ ಕೆಲಸದ ನಡುವೆ ಟಪ್ಪೆಂದು ಸಾಯುತ್ತಿತ್ತು, ಮರುಕ್ಷಣ ತಾನೇ ಎದ್ದು ಕೂರುತ್ತಿತ್ತು. ಮಾಡಿದ್ದೆಲ್ಲ ಮಾಯ! ಇವತ್ತು ಸಂಜೆಯೊಳಗೆ ಮುಖಪುಟ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆಂದು ಪ್ರಕಾಶಕರು ಹೇಳಿಯಾಗಿತ್ತು. ಅದಕ್ಕಿಂತ ಘೋರ ಭಯ ಬೇರೆಯೇ ಇತ್ತು: ಒಳಗಿನ ಪವರ್ ಸಪ್ಲೈ, ಆ ಕರೆಂಟಿನ ಡಬ್ಬಿ, ಸಿಡಿದರೆ? ಪಕ್ಕದಲ್ಲೇ ಅಂಬೆಗಾಲಿಡುವ ಕೂಸು! ಕೂಸಿನ ಕೈಗೆ ಸಿಗಬಾರದೆಂದು ಐದು ದಿನದ ಹಿಂದೆಯೇ ನೆಲದಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನೂ ಅವಳು ಮೇಜಿನ ಕೆಳಭಾಗಕ್ಕೆ ಅಂಟಿಸಿಬಿಟ್ಟಿದ್ದಳು.

ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಇದು ಸಿಡಿಯಲ್ಲ ತಾನೆ?"

"ಏಳು ವರ್ಷ ಗ್ಯಾರಂಟಿ ಮೇಡಂ."

"ಆಮೇಲೆ ಸಿಡಿಯತ್ತಾ?"

ಅಂಗಡಿಯವನು ಹಣೆ ಒರೆಸಿಕೊಂಡು ಇದ್ದುದರಲ್ಲೇ ದೈತ್ಯನಂಥದ್ದನ್ನು ಇಳಿಸಿ, ತಾನೇ ಕೇಳಿದ. "ಇದು ಒಂದು ಕಂಪ್ಯೂಟರಿಗಾ, ಇಡೀ ಬೀದಿಗಾ?"

ಮನೆಯಲ್ಲಿ ಗಂಡ ಅದನ್ನು ಕಂಪ್ಯೂಟರಿಗೆ ಕೂರಿಸಿ, ಅರ್ಧ ಗಂಟೆ ಕೂತು ನೋಡಿದ. ಕಂಪ್ಯೂಟರ್ ಮಿಸುಕಲಿಲ್ಲ. "ನೋಡು, ಬಂಡೆ ಥರ ಇದೆ!"

ಅವಳು ಕೂತಳು. ಮುಖಪುಟ ಮುಗಿಯುತ್ತ ಬಂತು. ಈಗ ಹೋಗಿಬಿಟ್ಟರೆ? ಕುರ್ಚಿಯ ಅಂಚಿಗೆ ಸರಿದಳು. ಅಯ್ಯೋ, ಈಗಲೇ ಹೋದರೆ?

ಟಪ್!

"ರೀ! ಗೋಡೆಯೊಳಗೆ ವೈರು ಸುಡ್ತಿದೆ! ಮಗೂನ ಎತ್ಕೊಂಡು ಓಡಿ!"

"ವಾಸನೆಯೇ ಇಲ್ವಲ್ಲೇ! ನಾನು ಕೂತಾಗ ಸರಿ ಇತ್ತು, ನೀನು ಕೂತ್ರೆ ಯಾಕೆ ಹೀಗೆ?"

"ನನ್ನ ಕಂಡ್ರೆ ಅದಕ್ಕೂ ಆಗಲ್ಲ ಅಂತೀರಾ?"

ಅಷ್ಟರಲ್ಲಿ ಕೂಸಿನ ಗಿಲಕಿ ಮೇಜಿನಡಿಗೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದ ಅತ್ತೆ ಅಲ್ಲೇ ನಿಂತುಬಿಟ್ಟರು.

"ಏನತ್ತೆ? ಬೆಂಕಿನಾ?" ಕುರ್ಚಿಯಲ್ಲೇ ಕೂತಿದ್ದ ಸೊಸೆಯ ಕಾಲು ಗಡಗಡ ಕುಣಿಯತೊಡಗಿತು.

ಟಪ್!

"ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಹೆದರಿದಾಗೆಲ್ಲ ಕಾಲು ಕುಣಿಸ್ತೀಯ, ಮೊಣಕಾಲು ಹೋಗಿ ನೀನು ಅಂಟಿಸಿದ ಬೋರ್ಡಿನ ಪ್ಲಗ್ಗಿಗೆ ಗುದ್ದತ್ತೆ! ಕಾಲು ಅಲ್ಲಾಡಿಸಬೇಡ್ವೇ ಅಂತ ಮದುವೆಯಾದಾಗಿಂದ ಬಡ್ಕೋತಿದೀನಿ."

ಕೂಸು ಕೇಕೆ ಹಾಕಿತು. ಸೊಸೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಮುಖ ಕೆಂಪಗೆ ಮಾಡಿಕೊಂಡು, ಸಂಜೆಯೊಳಗೆ ಮುಖಪುಟ ಕಳಿಸಿದಳು.

"ಹೋಗ್ಲಿ ಬಿಡಮ್ಮಾ," ಗಂಡ ಅಮ್ಮನ ಸಮಾಧಾನಕ್ಕೆಂದು ಹೇಳಿದ, "ಅಂಗಡಿಯವನು ಏಳು ವರ್ಷ ಗ್ಯಾರಂಟಿ ಕೊಟ್ಟಿದಾನೆ."

"ಡಬ್ಬಿಗೆ ಕೊಟ್ಟಿದಾನೆ ಕಣೋ. ಇವಳ ಮೊಣಕಾಲಿಗೆ ಕೊಟ್ಟಿದಾನಾ?"