ಹುಳದ ಬದನಿಕಾಯಿ

ಹುಳ ಇರೋ ಬದನಿಕಾಯಿ ಬುಟ್ಟಿ ಮುಂದಿಟ್ಟು ಸಂತಿಯಾಗ ಕೂಡೋಕಿಂತ ಮನಿಯಾಗ ಬಿದ್ದುಕೊಳ್ಳೋದೇ ಲೇಸು. ಘಾಟಬೋರಾಳದಿಂದ ಹುಮನಾಬಾದ ಸಂತಿಗೆ ಹೊತ್ತು ಹೊತ್ತು ತಲಿ ನರೆತ ಮ್ಯಾಲ ನಾ ಕಲಿತದ್ದು ಇಷ್ಟೇ. ಗಿರಾಕಿ ಕಾಯಿ ಒತ್ತಿ ನೋಡ್ತಾರ, ಮೂಸಿ ನೋಡ್ತಾರ. ಮಗಳಿಗೆ ಗಂಡು ನೋಡುವಾಗ ಇಷ್ಟು ನೋಡಿದ್ರ ಅರ್ಧ ಊರಿನ ಗಂಡಸರು ಲಗ್ನ ಇಲ್ಲದ ಕೂಡ್ತಿದ್ರು. ಒಂದು ತೂತು ಕಂಡ್ರ ಹಾವು ಕಂಡಂಗ ಹಿಂದ ಸರೀತಾರ. ಅದಕ್ಕ ಎಲ್ಲಾರೂ ಹೊಲಕ್ಕ ಔಷಧಿ ಹೊಡೀತಾರ, ನಾನೂ ಹೊಡಸ್ತೀನಿ. ಹಿತ್ತಲದಾಗ ಮನಿ ಸಲುವಾಗಿ ಹಾಕಿದ ನಾಕು ಗಿಡಕ್ಕ ಮಾತ್ರ ಹೊಡಸಂಗಿಲ್ಲ. ಯಾಕ ಅಂತ ಕೇಳಬ್ಯಾಡ್ರಿ, ನಿಮಗೂ ಗೊತ್ತದ.

ಬಸವಕಲ್ಯಾಣದಾಗಿರೋ ನನ್ನ ತಂಗಿಯ ಮೊಮ್ಮಗಳು ಶಿಲ್ಪಾ ಕಾಲೇಜಿನ ಲ್ಯಾಬಿನಾಗ, ಕಾಯಾಗ ಈ ಔಷಧಿ ಅದನೋ ಇಲ್ಲೋ ಕಂಡುಹಿಡಿಯೋ ಕಾಗದದ ಪಟ್ಟಿ ತಯಾರ ಮಾಡಾಕತ್ತಾಳ. ಮೊಲಕ್ಕ ಔಷಧಿ ಚೂರು ಚುಚ್ಚತಾರಂತ. ಅದರ ರಕ್ತದಾಗ ಆ ಔಷಧಿ ಗುರ್ತು ಹಿಡಿಯೋ ಕಾವಲುಗಾರರು ಹುಟ್ಟತಾರಂತ. ಅವರನ್ನ ತಂದು ಪಟ್ಟಿ ಮ್ಯಾಲ ಕೂಡಿಸೋದು, ಕಾಯಿ ರಸ ಹಾಕೋದು. ಎರಡು ಗೆರಿ ಮೂಡಿದ್ರ ಕಾಯಿ ಚೊಕ್ಕ, ಒಂದೇ ಮೂಡಿದ್ರ ಔಷಧಿ ಅದ. ನನಗ ಗೊತ್ತಿದ್ದ ಪಟ್ಟಿ ಬ್ಯಾರೆ, ಅದರಾಗ ಎರಡು ಗೆರಿ ಬಂದ್ರ ಪೇಡಾ ಹಂಚತಾರ.

"ಆಯಿ, ಔಷಧಿ ಮುಟ್ಟದ ಬದನಿಕಾಯಿ ಬೇಕು. ಅದನ್ನ ಪಟ್ಟಿ ಚೊಕ್ಕ ಅಂತ ತೋರಿಸಿದ್ರನ ನಮ್ಮ ಸರ್ ಒಪ್ಪತಾರ. ಇಲ್ಲಂದ್ರ ನನ್ನ ಕೆಲಸ ಎಲ್ಲಾ ಮೊದಲಿಂದ," ಅಂತ ಒಂದಿನ ಮನಿಗೆ ಬಂದು ಕೇಳಿದಳು.

ಹಿತ್ತಲಕ್ಕ ಹೋದೆ. ಒಂದೊಂದು ಕಾಯಾಗೂ ಹುಳದ ಸಂಸಾರ. ಹುಡುಗಿ ಕೈಯಾಗ ಕೊಟ್ಟ ಚೀಲ ನೆಟ್ಟಗ ತಂಗಿ ಮನಿ ಮುಟ್ಟತದ. ಆಕಿ ಬಾಯಿ ನಿಮಗ ಗೊತ್ತಿಲ್ಲ. "ಅಕ್ಕ ಹುಳ ಕಳಿಸ್ಯಾಳ" ಅಂತ ಹುಲಸೂರತನಕ ಡಂಗುರ ಹೊಡೀತಾಳ. ನನ್ನ ಇಜ್ಜತ್ತಿನ ಪ್ರಶ್ನೆ. ಹೊಲದಾಗಿನ ಮಿಂಚೋ ಕಾಯಿ ಆರಿಸಿ, ಸೆರಗಿನಿಂದ ಒರಸಿ, ಹಿತ್ತಲದ್ದೇ ಅಂತ ಕೊಟ್ಟು ಕಳಿಸಿದೆ.

ಎರಡು ದಿನ ಬಿಟ್ಟು ಹುಡುಗಿ ಮತ್ತ ಬಂದಳು. ಮಾರಿ ಬಾಡಿತ್ತು.

"ಪಟ್ಟಿ ಕೆಟ್ಟದ ಆಯಿ. ಎಷ್ಟು ಸಲ ಹಾಕಿದ್ರೂ ಒಂದೇ ಗೆರಿ. ನಾಳಿ ಸರ್ ನೋಡ್ತಾರ."

"ಪಟ್ಟಿ ಚಲೋ ಅದ. ಕಾಯಿ ಹೊಲದ್ದು," ಅಂದೆ.

"ಹಿತ್ತಲದ್ದು ಅಂದಿದ್ದಿಯಲ್ಲ?"

"ಹಿತ್ತಲದಾಗ ಹುಳ ಅವ. ನಿಮ್ಮಜ್ಜಿ ಮನಿಗೆ ಹುಳ ಕಳಸಲೇನು?"

"ಔಷಧಿ ಹೊಡಿಲಿಲ್ಲಂದ್ರ ಹುಳ ಇರತಾವ ಆಯಿ. ನನಗ ಆ ಹುಳದ ಕಾಯೇ ಬೇಕಾಗಿತ್ತು," ಅಂತ ತಲಿ ಹಿಡಕೊಂಡು ಕುಂತಳು.

ಇಷ್ಟು ವರ್ಷದ ಸಂಸಾರದಾಗ ನನ್ನ ಗಂಡಗ ನನ್ನ ಒಂದು ಸುಳ್ಳೂ ಸಿಕ್ಕಿರಲಿಲ್ಲ. ಎಲ್ಲೋ ಪಂಜರದಾಗ ಸೊಪ್ಪು ತಿನ್ನೋ ಮೊಲಕ್ಕ ಸಿಕ್ತು.

ಹಿತ್ತಲದ ಕಾಯಿ ಕಿತ್ತು ತಂದೆ. ಶಿಲ್ಪಾ ಅಂಗಳದಾಗೇ ಜಜ್ಜಿ, ಸೋಸಿ, ಸಂಗಡ ತಂದಿದ್ದ ಪಟ್ಟಿ ಮ್ಯಾಲ ರಸ ಬಿಟ್ಟಳು. ಇಬ್ಬರೂ ಪಟ್ಟಿ ಮ್ಯಾಲ ಬಗ್ಗಿ ಕುಂತಿವಿ. ಎರಡು ಗೆರಿ ಮೂಡಿದವು. ಹುಡುಗಿ ಕಣ್ಣಾಗ ನೀರು ಬಂತು. ಬದನಿಕಾಯಿ ಸಲುವಾಗಿ ಅಳೋರನ್ನ ನಾ ಅವತ್ತೇ ನೋಡಿದ್ದು.

ಸರ್ ಮುಂದ ಇಡಾಕ ಒಂದು ಚೀಲ ತುಂಬಿ ಕೊಟ್ಟೆ. ಕಾಲು ಮುಟ್ಟಾಕ ಬಗ್ಗಿದಾಕಿ ಅರ್ಧಕ್ಕ ನಿಂತಳು. ಚೀಲ ಬಿಚ್ಚಿ, ಕೈ ಹಾಕಿ ಹುಡುಕಿದಳು. ಒಂದು ಹುಳ ಹೊರಳಾಡೋದು ಕಂಡ ಮ್ಯಾಲನ ನನಗ ನಮಸ್ಕಾರ ಮಾಡಿದಳು.