ರಾಣಿಯ ಮೈಬಣ್ಣ

ಇಷ್ಟೆಲ್ಲ ಅನಾಹುತ ಆದದ್ದು ಕಲ್ಲಮ್ಮ ತನ್ನ ಮುಖವನ್ನು ತಾನೇ ನೋಡಿಕೊಂಡದ್ದರಿಂದ.

ಹೊಳೆನರಸೀಪುರದ ಮಧುಕುಮಾರ್ ಹಾಸನದ ಗೇಮ್ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ಚಿತ್ರ ಮಾಡಿಕೊಡುತ್ತಿದ್ದ. ಟೆಂಪರರಿ ಕೆಲಸ. ಕತ್ತಿ, ಮಾಟ, ರೆಕ್ಕೆಯ ಹಾವು ತುಂಬಿದ ಆಟ. ಅದರಲ್ಲಿ ರಾಜ, ರಾಣಿ, ವೀರರೆಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದರು. ಕಪ್ಪಗಿದ್ದವರೆಲ್ಲ ಕಳ್ಳರು, ರಾಕ್ಷಸರು. ‘ನಮ್ಮಂಥವರು ಇಲ್ಲಿ ಏಟು ತಿನ್ನೋಕೆ ಮಾತ್ರವಾ?’ ಎಂದು ಆಟ ಆಡಿದವರ ದೂರುಗಳು ಲಾರಿಗಟ್ಟಲೆ ಬಂದವು.

ಬೆಳಿಗ್ಗೆಯೇ ಮ್ಯಾನೇಜರ್ ಸಂಜಯ್ ಫೋನ್ ಮಾಡಿದ. "ಮಧು, ಸಂಜೆ ಐದರೊಳಗೆ ನಮ್ಮ ಜನದ ಮುಖ, ನಮ್ಮ ಜನದ ಬಣ್ಣ ಬರಬೇಕು. ಮುಖ ಕೊಟ್ಟವರ ಸಹಿಯೂ ಬೇಕು. ಪಾಸಾದ್ರೆ ಇರೋ ಒಂದೇ ಪರ್ಮನೆಂಟ್ ಪೋಸ್ಟ್ ನಿಂದು. ತಪ್ಪಿದ್ರೆ ಬೇರೆಯವರನ್ನ ನೋಡ್ಕೋತೀವಿ."

ಮಧು ತನ್ನ ಬೀದಿಯವರ ಮುಖಗಳನ್ನೇ ಇಟ್ಟು ಹೊಸ ಚಿತ್ರ ಮಾಡಿದ. ಸೊಪ್ಪು ಮಾರುವ ಕಲ್ಲಮ್ಮ ರಾಣಿ. ರಿಟೈರಾದ ಕಂಡಕ್ಟರ್ ಲಕ್ಕಣ್ಣ ಸೇನಾಪತಿ. ಬೀದಿಗೇ ಹೆಚ್ಚು ಬೆಳ್ಳಗಿದ್ದ ಸ್ವರ್ಣಲತಾ, ಕೊಂಬಿನ ರಾಕ್ಷಸಿ. ಮಧ್ಯಾಹ್ನ ಮೂವರನ್ನೂ ಸಹಿಗೆಂದು ಕರೆದ.

ಕಲ್ಲಮ್ಮ ಕಂಪ್ಯೂಟರಿಗೆ ಮೂಗು ತಾಗಿಸಿ ನೋಡಿದಳು. "ಅಯ್ಯೋ ನಿನ್ ಕೈ ಸೇದೋಗ! ಏನ್ಲಾ ಇದು, ತಳ ಸೀದ ಪಾತ್ರೆ ತರ ಮಾಡಿದ್ದೀಯ?"

"ನೀನಿರೋದೇ ಅಂಗಲ್ವಾ, ದೊಡ್ಡವ್ವ..."

ಅಷ್ಟಕ್ಕೆ ಊರ ಪಕ್ಕದ ಹೊಳೆ ಹೇಮಾವತಿ ಅರ್ಧ ನಿಮಿಷ ಹರಿಯುವುದನ್ನೇ ನಿಲ್ಲಿಸಿದಳು. ಹಿಂದಿನ ಮೀನು ಮುಂದಿನ ಮೀನಿಗೆ ಡಿಕ್ಕಿ ಹೊಡೆದದ್ದನ್ನು ಕಂಡವರಿದ್ದಾರೆ.

"ಅವಳಾದ್ರೂ ರಾಣಿ," ಎಂದು ಸ್ವರ್ಣಲತಾ ಸಿಡಿದಳು. "ಬೆಳ್ಳಗಿರೋಳ್ನ ರಾಕ್ಷಸಿ ಮಾಡಿದ್ದೀಯಲ್ಲ, ನಿಂಗೇನು ಕಣ್ಣು ಕುರುಡಾ?"

ಲಕ್ಕಣ್ಣ ಪೆನ್ನು ಕೆಳಗಿಟ್ಟ. "ನನ್ ಮಗಳ ಮದ್ವೆ ಆಲ್ಬಮ್ಮಲ್ಲಿ ನನ್ನ ಚಂದ್ರನಂಗೆ ಮಾಡ್ಕೊಟ್ಟಿದ್ದೆ. ಅಂಗೇ ಮಾಡು. ಇಲ್ದಿದ್ರೆ ಸಹಿ ಇಲ್ಲ ಕಣ್ಲಾ."

ಮಧು ಮೊದಲು ಕೊಣನೂರಿನ ಫೋಟೋ ಸ್ಟುಡಿಯೋದಲ್ಲಿದ್ದವನು. ಅಲ್ಲಿ ಮದುಮಗಳಿಂದ ಅಡುಗೆ ಭಟ್ಟರವರೆಗೆ ಎಲ್ಲರನ್ನೂ ಬೆಳ್ಳಗೆ ಮಾಡುವುದೇ ಮರ್ಯಾದೆ. ಒಬ್ಬರನ್ನು ಬಿಟ್ಟರೂ ಜಗಳ. ಗಂಟೆ ಮೂರೂವರೆ. ಮೂವರ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು. ಹಳೇ ಚಾಳಿಯ ಬೆರಳು ಬೆಳ್ಳಗೆ ಮಾಡುವ ಬಟನ್ನನ್ನು ತಾನಾಗಿ ಒತ್ತಿತು. ಇಡೀ ಸಾಮ್ರಾಜ್ಯ ಸುಣ್ಣದ ಗುಂಡಿಗೆ ಬಿತ್ತು! ಸ್ವರ್ಣಲತಾಳ ಕೊಂಬು ಕಿತ್ತು, ಪಕ್ಕದ ರಾಜ್ಯದ ರಾಣಿಯ ಕಿರೀಟ ಇಟ್ಟ. ಮೂವರೂ ಸಹಿ ಹಾಕಿ, ಎಲ್ಲ ಚಿತ್ರಗಳನ್ನೂ ತಂತಮ್ಮ ಫೋನಿಗೆ ಹಾಕಿಸಿಕೊಂಡು ಮೆರವಣಿಗೆಯಂತೆ ಹೋದರು.

ಮಧು ಬೆವರಿದ. ಬಿಳಿ ಕಳಿಸಿದರೆ ಕೆಲಸ ಹೋಗುತ್ತದೆ. ಕಪ್ಪು ಕಳಿಸಿದರೆ ಬೀದಿಯವರು ಬದುಕಲು ಬಿಡುವುದಿಲ್ಲ. ನಾಲ್ಕೂಕಾಲು. ನಾಲ್ಕೂವರೆ.

ಬಾಗಿಲು ದಡಾರೆಂದಿತು. ಸೆರಗು ಸಿಕ್ಕಿಸಿಕೊಂಡು ಕಲ್ಲಮ್ಮ ನುಗ್ಗಿದಳು. "ಆ ಸ್ವರ್ಣಿ ನನ್ ಪಟ ತೋರ್ಸಿ ‘ದೊಡ್ಡ ರಾಣಿ ನಾನೇ’ ಅಂತಾವ್ಳೆ! ನೋಡ್ದೋರೆಲ್ಲ ಊಂ ಅಂತಾವ್ರೆ! ನನ್ ಬಣ್ಣ ವಾಪಸ್ ಆಕ್ಲಾ!"

ಹಿಂದೆಯೇ ಲಕ್ಕಣ್ಣ. "ನನ್ ಎಂಡ್ತಿನೇ ‘ಯಾರೀ ಈವಯ್ಯ’ ಅಂದ್ಬುಟ್ಳು. ನಂದೂ ಆಕು."

ಕಲ್ಲಮ್ಮ ಮಧುವಿನ ತಲೆಯ ಮೇಲೇ ನಿಂತಳು. "ಅಣೆ ವಸಿ ಕಪ್ಪು, ಬಿಸಿಲು ಬೀಳೋದು ಅಲ್ಲೇ. ಸೆರಗಿನ ಕಡೆ ಕೆನ್ನೆ ತಿಳಿ. ಲಕ್ಕಣ್ಣಂದು ಕೆಂಗಪ್ಪು ಕಣ್ಲಾ, ನಂದಲ್ಲ ಅದು!" ಅವಳು ಹೇಳಿದಂತೆಲ್ಲ ತಿದ್ದಿ, ಐದಕ್ಕೆ ಒಂದೇ ನಿಮಿಷ ಇರುವಾಗ ಕಳಿಸಿದ.

ಐದೂ ಹತ್ತಕ್ಕೆ ಸಂಜಯ್ ಫೋನ್. ಮಧು ಸ್ಪೀಕರ್ ಹಾಕಿದ.

"ಅದ್ಭುತ ಮಧು! ಎಲ್ಲಾ ಪಾಸು! ಒಂದೇ ಮುಖದಲ್ಲಿ ಇಷ್ಟು ಬಣ್ಣ ಯಾರ ಐಡಿಯಾ?"

ಮಧು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಲ್ಲಮ್ಮನ ಕೈಲಿತ್ತು. "ನಂದು ಕಣಪ್ಪಾ! ಇವ್ನು ನಮ್ಮನ್ನೆಲ್ಲ ಸುಣ್ಣ ಬಳಿದು ಕೂರ್ಸಿದ್ದ. ನಾನು ಬಂದು ಸರಿ ಮಾಡಿಸ್ದೆ!"

ಮಧುವಿನ ಎದೆಬಡಿತ ಅರಕಲಗೂಡಿನವರೆಗೂ ಕೇಳಿಸಿತು.

"ಅಮ್ಮಾ," ಎಂದ ಸಂಜಯ್, "ನಾವು ಹುಡುಕ್ತಿದ್ದದ್ದು ನಿಮ್ಮನ್ನೇ. ಆ ಪರ್ಮನೆಂಟ್ ಪೋಸ್ಟ್ ನಿಮಗೇ. ನೀವು ಒಪ್ಪದೆ ಒಂದು ಮುಖವೂ ಆಚೆ ಹೋಗಬಾರದು."

"ಸಾ, ನಾನು?" ಎಂದ ಮಧು.

"ನೀನು ಟೆಂಪರರೀಲೇ ಇರು. ಅವರ ಕೈಕೆಳಗೆ."

ಫೋನ್ ಕಟ್ಟಾಯಿತು. "ದೊಡ್ಡವ್ವ, ಏನ್ ಮಾಡ್ಬುಟ್ಟೆ!" ಎಂದು ಮಧು ಗೋಳಾಡಿದ.

ಅವನ ಕುರ್ಚಿಯಿಂದ ಅವನನ್ನೇ ಎಬ್ಬಿಸಿ ಕೂತು, ಕಲ್ಲಮ್ಮ ಹೇಳಿದಳು: "ದೊಡ್ಡವ್ವ ಗಿಡ್ಡವ್ವ ಎಲ್ಲ ಬೀದೀಲಿ. ಕೆಲ್ಸದಲ್ಲಿ ಮೇಡಂ ಅನ್ಬೇಕು ಕಣ್ಲಾ."