ಕವರಿನ ಕಾವಲು

ಒಳ್ಳೆಯವರ ಸಹವಾಸ ಒಳ್ಳೆಯದು ಎಂದು ಹೇಳಿದವರು ಯಾರೇ ಇರಲಿ, ಹಡಗಿನಲ್ಲಿ ಕೆಲಸ ಮಾಡಿದವರಂತೂ ಅಲ್ಲ. ಆರು ವರ್ಷದಲ್ಲಿ ಕೆಟ್ಟ ಪ್ರಯಾಣಿಕರೆಲ್ಲ ಸೇರಿ ಕೊಟ್ಟ ಕಾಟ ಒಂದು ತೂಕವಾದರೆ, ಏಳನೇ ಮಹಡಿಯ ಪಾತ್ರೆ ಸಾಹುಕಾರರ ಒಳ್ಳೆಯತನ ಒಂದೇ ದಿನದಲ್ಲಿ ಕೊಟ್ಟದ್ದು ಇನ್ನೊಂದು ತೂಕ ಎಂದು ಟವೆಲ್ ಬ್ರಹ್ಮ ಇವತ್ತಿಗೂ ಹೇಳುತ್ತಾನೆ.

ಬ್ರಹ್ಮ ಆ ಪ್ರವಾಸಿ ಹಡಗಿನಲ್ಲಿ ಕೋಣೆ ನೋಡಿಕೊಳ್ಳುವವನು. ಹದಿನಾರು ಕೋಣೆಗಳ ಹಾಸಿಗೆ, ಬಚ್ಚಲು, ಕನ್ನಡಿ ಎಲ್ಲ ಅವನ ಪಾಲು. ಬಿಳಿ ಟವೆಲನ್ನು ಮಡಿಸಿ, ತಿರುಚಿ ಆನೆ, ಮೊಲ, ಹಂಸಗಳನ್ನು ಸೃಷ್ಟಿಸಿ ಹಾಸಿಗೆಯ ಮೇಲೆ ಕೂರಿಸುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಲೋಕದವರ ಹಣೆಬರಹ ಬರೆಯುವ ಬ್ರಹ್ಮನಿಗೂ ತನ್ನ ಹಣೆ ಕಾಣುವುದಿಲ್ಲ. ಇವನದೂ ಅದೇ ಕತೆ.

ಪ್ರಯಾಣದ ಕೊನೆಯ ದಿನ ಬೆಳಿಗ್ಗೆ ಅವನು ಸಾಹುಕಾರರ ಕೋಣೆಗೆ ಚಹಾ ತಂದ. ಸಾಹುಕಾರರು ಅವನ ಭುಜದ ಮೇಲೆ ಕೈ ಹಾಕಿದರು.

"ನೋಡಪ್ಪಾ, ಹತ್ತು ದಿನ ನಮ್ಮ ಗಂಡ-ಹೆಂಡ್ತೀನ ಮನೆ ಮಗನ ಹಾಗೆ ನೋಡ್ಕೊಂಡೆ. ಬಿಲ್ಲಲ್ಲಿ ದಿನಕ್ಕಿಷ್ಟು ಅಂತ ಸರ್ವಿಸ್ ಚಾರ್ಜ್ ಹಾಕಿದ್ದಾರಲ್ಲ, ಇವತ್ತು ಕೌಂಟರಿಗೆ ಹೋಗಿ ಅದನ್ನ ತೆಗೆಸ್ಬಿಡ್ತೀನಿ. ಅಷ್ಟನ್ನೂ ಕವರಿಗೆ ಹಾಕಿ, ಮೇಲೆ ಇನ್ನಷ್ಟು ಸೇರಿಸಿ ನಿನ್ನ ಕೈಗೇ ಕೊಡ್ತೀನಿ. ನಲವತ್ತು ವರ್ಷ ಪಾತ್ರೆ ವ್ಯಾಪಾರ ಮಾಡಿದೀನಪ್ಪ. ಮಧ್ಯದವರ ಕೈಗೆ ಹೋದ ದುಡ್ಡು ತೂತು ಕೊಡದ ನೀರಿದ್ದ ಹಾಗೆ!"

ಬ್ರಹ್ಮ ಚಹಾ ಮೇಜಿನ ಮೇಲಿಟ್ಟು ಕೈ ಮುಗಿದ. ಅವನಿಗೆ ಇದು ಲಾಭವಲ್ಲ, ನಷ್ಟ.

ಆ ಹಡಗಿನ ಲೆಕ್ಕಾಚಾರವೇ ಹಾಗಿತ್ತು. ಸಂಬಳ ಎನ್ನುವುದು ಹೆಸರಿಗೆ ಮಾತ್ರ, ಹೊಟ್ಟೆ ತುಂಬುತ್ತಿದ್ದುದು ಸರ್ವಿಸ್ ಚಾರ್ಜಿನ ಪಾಲಿನಿಂದ ಮತ್ತು ಕೊನೆಯ ದಿನ ಪ್ರಯಾಣಿಕರು ಕೈಗಿಡುವ ಕವರಿನಿಂದ. ಬಿಲ್ಲಿನಲ್ಲಿ ಚಾರ್ಜ್ ಹಾಗೇ ಇದ್ದರೆ ಕವರು ನೌಕರನ ಸ್ವಂತದ್ದು. ಚಾರ್ಜ್ ತೆಗೆಸಿದವರು ಕೊಟ್ಟ ಕವರನ್ನು ಮಾತ್ರ ಒಡೆಯದೆ ಸಾಮಾನ್ಯ ಪೆಟ್ಟಿಗೆಗೆ ಹಾಕಬೇಕು. ಅದಕ್ಕೆ ನೌಕರರು ಇಟ್ಟ ಹೆಸರು ಹುಂಡಿ. ಹುಂಡಿಗೆ ಬಿದ್ದದ್ದನ್ನು ನಾನೂರು ಜನ ಹಂಚಿಕೊಂಡರೆ ತಲೆಗೆ ಒಂದು ಪೆಪ್ಪರಮಿಂಟಿನಷ್ಟು ಸಿಗುತ್ತಿತ್ತು. ಇದನ್ನು ಪ್ರಯಾಣಿಕರಿಗೆ ಬಿಡಿಸಿ ಹೇಳೋಣವೆಂದರೆ, ಟಿಪ್ಸ್ ಎಂಬ ಶಬ್ದ ನೌಕರನ ಬಾಯಿಂದ ಬಿದ್ದರೆ ಮುಂದಿನ ಬಂದರಿನಲ್ಲಿ ಅವನನ್ನೇ ಇಳಿಸುತ್ತಿದ್ದರು.

ಬ್ರಹ್ಮನಿಗೆ ಆ ಕವರು ಬೇಕೇ ಬೇಕಾಗಿತ್ತು. ಮನೆಯಲ್ಲಿ ಮಾವನವರ ಹಲ್ಲು ಪೂರ್ತಿ ಉದುರಿ ವರ್ಷವಾಗಿತ್ತು. ಹೆಂಡತಿ ಹಿಂದಿನ ದಿನವಷ್ಟೇ ಮೆಸೇಜು ಕಳಿಸಿದ್ದಳು: 'ಡಾಕ್ಟರು ಹಲ್ಲಿನ ಸೆಟ್ಟು ಮಾಡಿ ಇಟ್ಟಿದ್ದಾರೆ. ಶನಿವಾರದೊಳಗೆ ದುಡ್ಡು ಕಟ್ಟಬೇಕು. ಹಲ್ಲು ಅಲ್ಲಿ ಜಾಡಿಯಲ್ಲಿ ನಗ್ತಿದೆ, ಅಪ್ಪ ಇಲ್ಲಿ ಅಳ್ತಿದ್ದಾರೆ. ಅಳಿಯ ಹಡಗಲ್ಲಿದ್ದಾನೆ, ನನಗೆ ಗಂಜಿಯೇ ಗತಿ ಅಂತ ಬೀದಿಯವರಿಗೆಲ್ಲ ಹೇಳ್ತಾರೆ.'

ಬ್ರಹ್ಮ ಚಹಾದ ತಟ್ಟೆ ಹಿಡಿದು ನೇರವಾಗಿ ಇಸ್ತ್ರಿ ಕೋಣೆಗೆ ಓಡಿದ. ಅಲ್ಲಿ ಇಬ್ಬರು ಸಿಕ್ಕರು. ಒಬ್ಬ ಮೇಲ್ಬರ್ತು. ಬ್ರಹ್ಮನ ಜೊತೆಗೇ ಒಂದು ಕೋಣೆಯಲ್ಲಿ, ಅವನ ಮೇಲಿನ ಬರ್ತಿನಲ್ಲಿ ಮಲಗುತ್ತಿದ್ದ ವೇಟರು. ಇನ್ನೊಬ್ಬ ಇಸ್ತ್ರಿ ಅಣ್ಣ.

"ಅವರ ಊಟದ ಮೇಜೂ ನನ್ನದೇ ಕಣೋ," ಎಂದು ಮೇಲ್ಬರ್ತು ತಲೆಯ ಮೇಲೆ ಕೈ ಹೊತ್ತ. "ಚಾರ್ಜ್ ತೆಗೆಸಿದ್ರೆ ನನ್ನ ಬಾಯಿಗೂ ಮಣ್ಣು."

ಇಸ್ತ್ರಿ ಅಣ್ಣನಿಗೆ ಇದರಲ್ಲಿ ಕವಡೆ ಕಾಸಿನ ಲಾಭವೂ ಇರಲಿಲ್ಲ. ಆದರೆ ಕಂಡವರ ವ್ಯವಹಾರಕ್ಕೆ ಮೂಗು ತೂರಿಸದಿದ್ದರೆ ಅವನಿಗೆ ಅನ್ನ ಮೈಗೆ ಹತ್ತುತ್ತಿರಲಿಲ್ಲ. "ಕೌಂಟರ್ ಐದಕ್ಕೆ ಮುಚ್ಚುತ್ತೆ. ಅಲ್ಲೀವರೆಗೆ ಆ ಮನುಷ್ಯ ಕೋಣೆ ಬಿಟ್ಟು ಹೊರಡಬಾರದು, ಅಷ್ಟೇ ತಾನೆ? ಪ್ಯಾಂಟಿಲ್ಲದ ಗಂಡಸು ಎಲ್ಲಿಗೆ ಹೋಗ್ತಾನೆ? ಹೋಗು, ಎಲ್ಲಾ ಪ್ಯಾಂಟೂ ಇಸ್ತ್ರಿಗೆ ತಗೊಂಬಾ."

ಬ್ರಹ್ಮ ಹೋಗಿ, "ಕೊನೇ ದಿನದ ಪುಕ್ಕಟೆ ಇಸ್ತ್ರಿ ಸಾರ್" ಎಂದು ಸಾಹುಕಾರರ ನಾಲ್ಕು ಪ್ಯಾಂಟುಗಳನ್ನೂ, ಯಾವುದಕ್ಕೂ ಇರಲಿ ಎಂದು ಎರಡು ಚಡ್ಡಿಗಳನ್ನೂ ಹೊತ್ತು ತಂದ.

ಪುಕ್ಕಟೆ ಎಂದರೆ ಯಾವ ವ್ಯಾಪಾರಿಯೂ ಬೇಡ ಅನ್ನುವುದಿಲ್ಲ. ಆದರೆ ಹತ್ತು ಗಂಟೆಗೆ ಸಾಹುಕಾರರು ಸ್ನಾನದ ಬಿಳಿ ನಿಲುವಂಗಿ ತೊಟ್ಟು, ಸೊಂಟಕ್ಕೆ ದಾರ ಬಿಗಿದು, ಬಿಲ್ಲು ಹಿಡಿದು ಹೊರಗೆ ಬಂದೇಬಿಟ್ಟರು.

"ಸಾರ್, ಹೀಗೇ..." ಎಂದು ಬ್ರಹ್ಮ ತೊದಲಿದ.

"ಅಯ್ಯೋ ಬಿಡಪ್ಪ, ಅರ್ಧ ಹಡಗು ಹೀಗೇ ಓಡಾಡ್ತಿದೆ. ನನಗ್ಯಾಕೆ ನಾಚಿಕೆ?"

ಬ್ರಹ್ಮ ಅವರ ಜೊತೆಗೇ ಲಿಫ್ಟಿಗೆ ನುಗ್ಗಿ, ಗುಂಡಿಗಳ ಮೇಲೆ ಬೆನ್ನು ಒರಗಿಸಿ ಅಷ್ಟನ್ನೂ ಒತ್ತಿಬಿಟ್ಟ. ಲಿಫ್ಟು ಕೌಂಟರಿದ್ದ ಮೂರನೇ ಮಹಡಿಗೆ ಇಳಿಯುವ ಬದಲು ಮೇಲಕ್ಕೆ ಹೊರಟಿತು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತು. ಬ್ರಹ್ಮ ಪ್ರತಿ ಸಲವೂ, "ಇದು ಗ್ರಂಥಾಲಯ ಸಾರ್, ಇದು ವ್ಯಾಯಾಮದ ಕೋಣೆ ಸಾರ್, ಇದು... ಇದು ಗೋಡೆ ಸಾರ್" ಎಂದು ವರ್ಣಿಸಿದ. ಕೊನೆಗೆ ಹದಿನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರಿಗೆ ಈಜುಕೊಳ. ಅಲ್ಲಿ ಹೊಟ್ಟೆ ಅಡಿಯಾಗಿ ನೀರಿಗೆ ಬೀಳುವ ಸ್ಪರ್ಧೆ ನಡೆಯುತ್ತಿತ್ತು. ಯಾರು ಹೆಚ್ಚು ನೀರು ಹಾರಿಸುತ್ತಾರೋ ಅವರಿಗೆ ಬಹುಮಾನ. ಮೈಕು ಹಿಡಿದವನು ನಿಲುವಂಗಿ ತೊಟ್ಟ ಸಾಹುಕಾರರ ಹೊಟ್ಟೆ ನೋಡಿದ್ದೇ ತಡ, "ಬಂದರು ನೋಡಿ, ಹದಿಮೂರನೇ ಸ್ಪರ್ಧಿ!" ಎಂದು ಕೂಗಿದ.

"ನಾನಲ್ಲಪ್ಪ, ನಾನು ಬಿಲ್ಲಿನ ವಿಷಯಕ್ಕೆ..."

"ಹೋಗಿ ಸಾರ್, ಒಂದೇ ನಿಮಿಷ," ಎಂದು ಬ್ರಹ್ಮ ನಿಲುವಂಗಿಯನ್ನೂ ಬಿಲ್ಲನ್ನೂ ಕಿತ್ತುಕೊಂಡ.

ಸಾಹುಕಾರರು ಒಳಚಡ್ಡಿಯಲ್ಲೇ ಬಿದ್ದರು. ಕೊಳದಲ್ಲಿದ್ದ ನೀರಿನಲ್ಲಿ ಅರ್ಧ ಹೊರಗೆ ಬಂತು. ಜನ ಎದ್ದು ನಿಂತು ಶಿಳ್ಳೆ ಹಾಕಿದರು. ಮೊದಲ ಬಹುಮಾನದ ಪ್ಲಾಸ್ಟಿಕ್ ಕಪ್ಪು ಸಾಹುಕಾರರಿಗೇ ಬಂತು. ಹುಟ್ಟಿದ ಮೇಲೆ ಯಾವ ಸ್ಪರ್ಧೆಯಲ್ಲೂ ಗೆದ್ದವರಲ್ಲ ಪಾಪ, ಕಪ್ಪನ್ನು ಎದೆಗವುಚಿಕೊಂಡು ಕಣ್ಣೊರೆಸಿಕೊಂಡರು. ಬ್ರಹ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆದರೂ ಬಿಲ್ಲನ್ನು ವಾಪಸು ಕೊಡಲಿಲ್ಲ.

ಮಧ್ಯಾಹ್ನದ ಊಟ ಮೇಲ್ಬರ್ತಿನ ಪಾಳಿ. "ಗೆದ್ದವರು ಇಷ್ಟೇ ತಿಂದ್ರೆ ಹೇಗೆ ಸಾರ್" ಎಂದು ಎರಡು ಸಲ ಸೂಪು, ಮೂರು ಸಲ ಮೀನು, ಲೆಕ್ಕವಿಲ್ಲದಷ್ಟು ಕೇಕು ಬಡಿಸಿದ. ಸಾಹುಕಾರರು ಕೋಣೆಗೆ ಬಂದು ಹಾಸಿಗೆಗೆ ಬಿದ್ದವರೇ ಗೊರಕೆ ಹೊಡೆಯತೊಡಗಿದರು. ಬ್ರಹ್ಮ ಬಾಗಿಲ ಹೊರಗೆ ಬೊಂಬೆಯಂತೆ ನಿಂತು, ಹಾದುಹೋಗುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಸೀನು ಬಂದಾಗ ಮೂಗಿಗೆ ದಿಂಬು ಒತ್ತಿಕೊಂಡ.

ಮೂರೂವರೆಗೆ ಬಾಗಿಲು ತೆರೆಯಿತು. ಬಂದದ್ದು ಸಾಹುಕಾರರ ಹೆಂಡತಿ.

"ಇವರು ಏಳೋ ಲಕ್ಷಣ ಕಾಣಲ್ಲ. ನಾನೇ ಹೋಗಿ ಆ ಚಾರ್ಜ್ ತೆಗೆಸ್ಕೊಂಡು ಬರ್ತೀನಪ್ಪ. ಪಾಪ, ನಿನಗೆ ನಷ್ಟ ಆಗಬಾರದು ನೋಡು."

ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತದೆ. ಬ್ರಹ್ಮನ ಕಣ್ಣು ಕೈಯಲ್ಲಿದ್ದ ಟವೆಲಿನ ಮೇಲೆ ಬಿತ್ತು. "ಅಮ್ಮಾವ್ರೇ, ಆನೆ ಮಾಡೋದು ಕಲೀಬೇಕು ಅಂದಿದ್ರಲ್ಲ? ನಾಳೆ ಇಳಿದು ಹೋಗ್ತೀರಿ, ಇವತ್ತು ಬಿಟ್ರೆ ಉಂಟಾ?"

ಆಕೆಯ ಮುಖ ಅರಳಿತು. ಎದುರಿನ ಖಾಲಿ ಕೋಣೆಯಲ್ಲಿ ಪಾಠ ಶುರುವಾಯಿತು. ಆಕೆಯ ಮೊದಲ ಆನೆ ಬದನೆಕಾಯಿಯಾಯಿತು. ಎರಡನೆಯದಕ್ಕೆ ಎರಡು ಸೊಂಡಿಲು ಬಂತು, ಕಾಲು ಬರಲಿಲ್ಲ. "ಇನ್ನೊಂದು ಸಲ ಅಮ್ಮಾವ್ರೇ, ಸೊಗಸಾಗಿದೆ" ಎಂದು ಬ್ರಹ್ಮ ಹುರಿದುಂಬಿಸುತ್ತಲೇ ಇದ್ದ. ಒಂಬತ್ತನೇ ಆನೆಗೆ ಕಿವಿ ಮೂಡುವ ಹೊತ್ತಿಗೆ ನಾಲ್ಕೂಮುಕ್ಕಾಲು.

ಹೊರಗೆ ಬಂದು ನೋಡಿದರೆ ಸಾಹುಕಾರರ ಬಾಗಿಲು ಹಾರು ಹೊಡೆದಿತ್ತು. ಹಾಸಿಗೆ ಖಾಲಿ, ಗೊರಕೆಯೂ ಇಲ್ಲ.

ಬ್ರಹ್ಮ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಕೆಳಗಿಳಿದ. ಕೌಂಟರಿನ ಎದುರು ಇನ್ನೂರು ಜನರ ಸಾಲು ನಿಂತಿತ್ತು! ಕಂಬದ ಮರೆಯಿಂದ ಮೇಲ್ಬರ್ತು ಕಣ್ಣು ಮಿಟುಕಿಸಿದ. "ಕೌಂಟರಲ್ಲಿ ಪುಕ್ಕಟೆ ಛತ್ರಿ ಕೊಡ್ತಾರೆ ಅಂತ ಊಟದ ಹಾಲಲ್ಲಿ ಒಂದು ಮಾತು ಬಿಟ್ಟೆ. ನಿನ್ನ ಸಾಹುಕಾರರು ಸಾಲಿನ ಬಾಲದಲ್ಲಿದ್ದಾರೆ. ಐದಕ್ಕೆ ಕೌಂಟರ್ ಬಂದ್. ಗೆದ್ವಿ ಕಣೋ!"

ಅಷ್ಟರಲ್ಲಿ ಸಾಲಿನಲ್ಲಿದ್ದ ಯಾರೋ ಹಿಂದಿರುಗಿ ನೋಡಿ, "ಓ! ಬೆಳಿಗ್ಗೆ ಕೊಳಕ್ಕೆ ಬಿದ್ದವರು!" ಎಂದು ಕಿರುಚಿದರು. ಸಾಲು ಸಂಭ್ರಮದಿಂದ ಎರಡಾಗಿ ಸೀಳಿತು. "ಮುಂದೆ ಹೋಗಿ ಸಾರ್! ಚಾಂಪಿಯನ್‌ಗೆ ದಾರಿ ಬಿಡ್ರಪ್ಪ!" ಎಂದು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿ ಸಾಹುಕಾರರನ್ನು ಕೌಂಟರಿಗೆ ಮುಟ್ಟಿಸಿಯೇಬಿಟ್ಟರು.

ಅವರು ಕೌಂಟರಿನ ಹುಡುಗಿಯ ಜೊತೆ ಏನೋ ಮಾತಾಡಿದರು. ಆಕೆ ಒಂದು ಕಾಗದ ಕೊಟ್ಟಳು. ಅವರು ಕನ್ನಡಕ ಏರಿಸಿ ಒಂದು ಪುಟ ಪೂರ್ತಿ ಬರೆದು ಸಹಿ ಹಾಕಿದರು. ಗಡಿಯಾರ ಐದು ಹೊಡೆಯಿತು. ಬ್ರಹ್ಮ ಕಂಬಕ್ಕೆ ಒರಗಿ ಹಾಗೇ ಜಾರಿ ಕೂತ. ಅವನಿಗೆ ನಿಜವಾಗಿ ಅಳು ಬಂದಿತ್ತು.

ಅರ್ಧ ಗಂಟೆಯಲ್ಲಿ ದೊಡ್ಡಮ್ಮನಿಂದ ಕರೆ ಬಂತು. ಕೋಣೆ ಕೆಲಸದವರಿಗೆಲ್ಲ ಮೇಲಧಿಕಾರಿಯಾಗಿದ್ದ ಆಕೆಯನ್ನು ನೌಕರರು ಬೆನ್ನ ಹಿಂದೆ ಕರೆಯುತ್ತಿದ್ದುದು ಹಾಗೆ. ಆಫೀಸಿನಲ್ಲಿ ಮೇಲ್ಬರ್ತು, ಇಸ್ತ್ರಿ ಅಣ್ಣ, ಇನ್ನೂ ಹತ್ತು ಜನ ಸಾಲಾಗಿ ನಿಂತಿದ್ದರು. ಮಾಡಿದ್ದೆಲ್ಲ ಬಯಲಾಯಿತು ಎಂದುಕೊಂಡು ಬ್ರಹ್ಮ ಸಾಲಿನ ಕೊನೆಗೆ ಹೋಗಿ ನಿಂತ. ದೊಡ್ಡಮ್ಮ ಸಾಹುಕಾರರ ಕಾಗದ ಹಿಡಿದು ಗಟ್ಟಿಯಾಗಿ ಓದಿದಳು.

"'ನಾನು ಇಲ್ಲಿಗೆ ಬಂದದ್ದು ಸರ್ವಿಸ್ ಚಾರ್ಜ್ ತೆಗೆಸಲು. ಆದರೆ ಈ ಮನುಷ್ಯ ಇವತ್ತು ಕೇಳದೆಯೇ ನನ್ನ ಪ್ಯಾಂಟುಗಳಿಗೆಲ್ಲ ಇಸ್ತ್ರಿ ಮಾಡಿಸಿದ. ಲಿಫ್ಟಿನಲ್ಲಿ ಒಂದೊಂದೇ ಮಹಡಿ ತೋರಿಸಿದ. ಈ ವಯಸ್ಸಿನಲ್ಲಿ ನನಗೆ ಬಹುಮಾನ ಕೊಡಿಸಿದ. ನಾನು ಮಲಗಿದರೆ ಬಾಗಿಲು ಕಾದ, ಎದ್ದು ನೋಡಿದರೆ ಎದುರಿನ ಕೋಣೆಯಲ್ಲಿ ನನ್ನ ಹೆಂಡತಿಗೆ ವಿದ್ಯೆ ಕಲಿಸುತ್ತಿದ್ದ. ಇಂಥವನನ್ನು ಸಾಕಿದ ಕಂಪನಿಯ ದುಡ್ಡು ತಡೆಹಿಡಿಯುವುದು ಪಾಪ. ಚಾರ್ಜ್ ಹಾಗೇ ಇರಲಿ. ಇವನಿಗೆ ತಕ್ಕ ಸ್ಥಾನ ಕೊಡದಿದ್ದರೆ ಮುಂದಿನ ಸಲ ನಾವು ಬೇರೆ ಹಡಗು ನೋಡಿಕೊಳ್ಳುತ್ತೇವೆ.'"

ಚಾರ್ಜ್ ಹಾಗೇ ಇರಲಿ! ಬ್ರಹ್ಮನ ಕಾಲು ನೆಲ ಬಿಟ್ಟಿತು. ಮುಂದೆ ದೊಡ್ಡಮ್ಮ ಹೇಳಿದ್ದು ಅವನ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ತೋರಿಸಿದ ಕಡೆ ಸಹಿ ಹಾಕಿದ. ಆಕೆ ಅವನ ತೋಳಿಗೆ ಬಂಗಾರದ ಬಣ್ಣದ ಪಟ್ಟಿ ಚುಚ್ಚಿದಳು. "ಏಳನೇ ಮಹಡಿಯ ಮೇಲ್ವಿಚಾರಕ, ಈ ಗಳಿಗೆಯಿಂದಲೇ!" ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಸಾಹುಕಾರರು ಹೆಂಡತಿಯ ಸಮೇತ ಒಳಗೆ ಬಂದರು. ಅವರ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಕವರು. "ತಗೋಪ್ಪ, ನಿನ್ನ ಕೈಗೇ ಕೊಡ್ತೀನಿ ಅಂದಿದ್ದೆನಲ್ಲ."

ಬ್ರಹ್ಮನ ಕೈ ಮುಂದೆ ಚಾಚಿತು. ನಡುವೆ ದೊಡ್ಡಮ್ಮನ ಕೈ ಬಂತು.

"ಕ್ಷಮಿಸಿ ಸಾರ್. ಮೇಲ್ವಿಚಾರಕರು ಇನಾಮು ಮುಟ್ಟೋ ಹಾಗಿಲ್ಲ. ಅದು ಹುದ್ದೆಗೆ ಅವಮಾನ. ಅವರಿಗೆ ಅಂತ ಬಂದದ್ದು ಹುಂಡಿಗೆ ಹೋಗುತ್ತೆ." ಕವರು ಮೂಲೆಯ ಪೆಟ್ಟಿಗೆಯೊಳಗೆ ದೊಪ್ಪೆಂದು ಬಿತ್ತು.

"ಎಂಥಾ ಶಿಸ್ತು!" ಎಂದು ಸಾಹುಕಾರರು ಕಣ್ಣೊರೆಸಿಕೊಂಡು ಹೋದರು.

"ಮೇಡಂ, ಹುಂಡೀಲಿ ನನ್ನ ಪಾಲು..." ಎಂದು ಬ್ರಹ್ಮ ಸಣ್ಣ ದನಿಯಲ್ಲಿ ಕೇಳಿದ.

"ಮೇಲ್ವಿಚಾರಕರಿಗೆ ಪಾಲಿಲ್ಲಪ್ಪ. ಇವತ್ತು ರಾತ್ರಿ ಹಂಚೋ ಚಾರ್ಜಲ್ಲೂ ಇಲ್ಲ. ಸಂಬಳ ಇದೆಯಲ್ಲ, ಮೊದಲಿಗಿಂತ ಕಾಲು ಭಾಗ ಜಾಸ್ತಿ."

ಮೊದಲಿನ ಸಂಬಳವೇ ಇರುವೆಯ ಪಾಲು. ಅದರ ಮೇಲೆ ಕಾಲು ಭಾಗವೆಂದರೆ ಇರುವೆಯ ಕಾಲು. "ಬೇಡ ಅಂದ್ರೆ?" ಎಂದ. "ಮೂರು ವರ್ಷದ ಕರಾರಿಗೆ ಈಗಷ್ಟೇ ಸಹಿ ಹಾಕಿದ್ದೀಯಲ್ಲ," ಎಂದು ಆಕೆ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಬ್ರಹ್ಮ ತನ್ನ ಕೋಣೆಗೆ ಬಂದು ಬರ್ತಿನ ಮೇಲೆ ಕುಸಿದ. ಬೆನ್ನಿಗೇ ಇಸ್ತ್ರಿ ಅಣ್ಣ ಹೊಸ ಕರಿ ಕೋಟು ತೂಗಿಕೊಂಡು ಬಂದ. "ನಿಮ್ಮ ಕೋಟು, ಸಾರ್."

"ಸಾರ್ ಅಂತ್ಯಾಕಣ್ಣಾ..."

"ಪಟ್ಟಿ ಬಂದ ಮೇಲೆ ಸಾರೇ, ಸಾರ್."

ಕೋಟು ತೂಗುಹಾಕಿದ ಮೇಲೂ ಅವನು ಹೋಗಲಿಲ್ಲ. ಕೋಟಿನ ಭುಜ ಸವರಿದ. ಹೊದಿಕೆಯ ಮೂಲೆ ಸರಿಮಾಡಿದ. "ಬೇರೆ ಏನಾದ್ರೂ ಬೇಕಾ ಸಾರ್?" ಎಂದು ಕೇಳಿ, ಛಾವಣಿ ನೋಡುತ್ತ ನಿಂತೇ ಇದ್ದ. ಮೇಲಿನ ಬರ್ತಿನಿಂದ ಮೇಲ್ಬರ್ತು ತಲೆ ಇಳಿಬಿಟ್ಟ.

"ಕೊನೇ ದಿನ ಅಲ್ವಾ ಸಾರ್. ಮೇಲ್ವಿಚಾರಕರು ಇಸ್ತ್ರಿಯವರಿಗೆ ಏನಾದ್ರೂ ಕೊಡೋದು ವಾಡಿಕೆ. ವೇಟರಿಗೂ."

ಬ್ರಹ್ಮ ಜೇಬು ತಡಕಿ ಇದ್ದ ಎರಡು ನೋಟುಗಳನ್ನು ಇಬ್ಬರಿಗೂ ಒಂದೊಂದು ಕೊಟ್ಟ. ಇಸ್ತ್ರಿ ಅಣ್ಣನ ಹೃದಯ ತುಂಬಿ ಬಂತು.

"ದೊಡ್ಡ ಮನಸ್ಸು ಸಾರ್ ನಿಮ್ಮದು! ಈಗಲೇ ಹೋಗಿ ನಿಮ್ಮ ಬಗ್ಗೆ ದೊಡ್ಡಮ್ಮನಿಗೆ ಒಂದು ಹೊಗಳಿಕೆ ಪತ್ರ ಬರೆದು ಕೊಡ್ತೀನಿ."

"ಅಣ್ಣಾ, ಬೇಡ!" ಎಂದು ಚೀರಿದ ಬ್ರಹ್ಮ, ಹಾಸಿಗೆಯಡಿ ಬಚ್ಚಿಟ್ಟಿದ್ದ ಕೊನೆಯ ನೋಟನ್ನೂ ತೆಗೆದು ಅವನ ಕೈಗೆ ತುರುಕಿದ.